ನೀವು ಬಿಟ್ಟು ಹೋದ ಪಂಚೆ

ಪಾಪ ತೊಳೆಯಲು ನೀರಿಗಿಳಿದವರು ಪಾಪದ ಜತೆಗೆ ಪಂಚೆಯನ್ನೂ ಅಲ್ಲೇ ಬಿಟ್ಟು ಬರಬೇಕು ಅಂತ ಯಾವ ಶಾಸ್ತ್ರ ಹೇಳಿದೆಯೋ, ನನ್ನ ಕಣ್ಣಿಗಂತೂ ಬಿದ್ದಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರಾ ಸ್ನಾನಘಟ್ಟದಲ್ಲಿ ಮಾತ್ರ ಅದು ನಡೆದುಕೊಂಡು ಬಂದಿದೆ. ಒಬ್ಬರು ಬಿಟ್ಟರೆಂದು ಇನ್ನೊಬ್ಬರು ಬಿಡುತ್ತಾರೆ. ಹೊಳೆ ಇಳಿದ ಮೇಲೆ ನೋಡಬೇಕು ನೀವು. ಕಲ್ಲಿನ ಸಂದಿಗೆ ಸುತ್ತಿಕೊಂಡ ಸೀರೆ, ಬೇರಿಗೆ ಜೋತುಬಿದ್ದ ಬನಿಯನು, ಒಂದು ಕಾಲು ಮರಳಿನಲ್ಲಿ ಹೂತು ಇನ್ನೊಂದು ಕಾಲು ನೀರಲ್ಲಿ ಈಜುತ್ತಿರುವ ಪ್ಯಾಂಟು! ಶಾಂಪೂ ಪ್ಯಾಕೆಟುಗಳ ಸುದ್ದಿ ಬೇಡವೇ ಬೇಡ.

ಹೊಳೆ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು, ತುಂಬೆಯ ಅಣೆಕಟ್ಟಿಗೆ ಬಂದು, ಅಲ್ಲಿಂದ ಮಂಗಳೂರಿನ ನಲ್ಲಿಗೆ ಹೋಗುತ್ತದೆ. ಆದಿತ್ಯವಾರ ಕುಕ್ಕೆಯಲ್ಲಿ ಸೋಪು ಹಚ್ಚಿ ಮಿಂದು ಹೋದ ಮಂಗಳೂರಿನ ಭಕ್ತರಿಗೆ ತೀರ್ಥ ಮನೆಬಾಗಿಲಿಗೇ ಬಂತೆಂದು ಲೆಕ್ಕ.

ಈ ಮಾತನ್ನು ಕುಕ್ಕೆಯ ರಿಕ್ಷಾದವರೊಬ್ಬರ ಹತ್ತಿರ ತೆಗೆದೆ. "ಎಂತ ಮಾರಾಯ್ರೆ, ಜನ ಬರದಿದ್ರೆ ನಾವು ಉಂಟಾ?" ಅಂದರು. ಅದೂ ಸರಿಯೇ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಬಂದು ಅಡಿಕೆ ತೋಟಗಳೇ ಸೊರಗಿ ಹೋದವು. ಮದ್ದಿಲ್ಲದ ರೋಗ ಅದು. ಎಲೆಚುಕ್ಕಿ ಬೇರೆ ಬಂದು ಸೇರಿಕೊಂಡಿದೆ. ಫಸಲು ಕೈಕೊಟ್ಟ ಮನೆಯವರು ಚಾವಡಿಯ ಪಕ್ಕ ಎರಡು ರೂಮು ಎಬ್ಬಿಸಿ ಹೋಂಸ್ಟೇ ಬೋರ್ಡು ಹಾಕಿದರೆ ಬೇಡವೆನ್ನಲು ನಾನ್ಯಾರು? 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಬಯಲುಸೀಮೆಯಿಂದ ಎಷ್ಟು ಅಜ್ಜಿಯಂದಿರು ಮೊದಲ ಸಲ ಈ ಹೊಳೆಯನ್ನು ಕಂಡರೋ! ಅವರ ಸಂತೋಷಕ್ಕೆ ಮೂಗು ಮುರಿಯುವ ಜನ ನಾನಲ್ಲ.

ನನಗೆ ಸಿಟ್ಟು ಬರುವುದು ಗುಡ್ಡ ಹತ್ತುವವರ ಮೇಲೆ. ಕುಕ್ಕೆಯ ಬೆನ್ನಿಗಿರುವ ಕುಮಾರಪರ್ವತ ಅಂದರೆ 1,712 ಮೀಟರ್, ಪುಷ್ಪಗಿರಿ ವನ್ಯಧಾಮದ ಕಾಡು, ನೆತ್ತಿಯ ಮೇಲೆ ಹುಲ್ಲುಗಾವಲು. ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ. ಹಸಿದು ಬಂದ ಚಾರಣಿಗರಿಗೆ ಅನ್ನ ಸಾರು ಬಡಿಸಿ ಹೆಸರಾದ ಮನೆ ಅದು, ಹೋಟೆಲಲ್ಲ. 2024ರ ಜನವರಿಯ ಕೊನೆಗೆ ಸಾಲು ರಜೆ ಬಂದದ್ದೇ ತಡ, ಸಾವಿರಗಟ್ಟಲೆ ಮಂದಿ ಒಟ್ಟಿಗೇ ಏರಿದರು. ವಿಡಿಯೊದಲ್ಲಿ ಕಂಡದ್ದು ಜಾತ್ರೆ. ಜಾತ್ರೆಗಾದರೂ ಒಂದು ಗದ್ದೆ ಇರುತ್ತದೆ, ಇಲ್ಲಿದ್ದದ್ದು ಕಾಲುದಾರಿ. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು, ಮುಂದೆ ಆನ್‌ಲೈನಲ್ಲಿ ಹೆಸರು ಬರೆಸಿದವರಿಗಷ್ಟೇ ದಾರಿ ಬಿಟ್ಟಿತು. ಒಳ್ಳೆಯದೇ ಆಯಿತು. "ದೇವರ ಗುಡ್ಡಕ್ಕೆ ಟಿಕೆಟಾ?" ಅಂತ ಗೊಣಗಿದವರು ಸಿನಿಮಾಕ್ಕೆ ಮಾತ್ರ ವಾರದ ಮೊದಲೇ ಸೀಟು ಹಿಡಿಯುವವರು.

ಇಲಾಖೆ ಹೇಳದೆ ಊರವರಿಗೆ ಮಿತಿ ಹಾಕಿಕೊಳ್ಳಲು ಬರುವುದಿಲ್ಲವೆಂದು ತಿಳಿಯಬೇಡಿ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಮತ್ಸ್ಯತೀರ್ಥಕ್ಕೆ ಹೋಗಿ ನೋಡಿ. ಮೊಳದುದ್ದದ ಮಹಶೀರ್ ಮೀನುಗಳು ಕಾಲಬುಡಕ್ಕೇ ಬರುತ್ತವೆ. ಬೇರೆ ಕಡೆ ಗಾಳಕ್ಕೂ ಬಲೆಗೂ ಸಿಕ್ಕಿ ಅಪರೂಪವಾದ ಮೀನು ಇಲ್ಲಿ ಉಳಿದಿದೆ. ಯಾಕೆಂದರೆ ಅದು ದೇವರ ಮೀನು, ಮುಟ್ಟುವಂತಿಲ್ಲ. ಕಾವಲುಗಾರನಿಗಿಂತ ಹೆಚ್ಚಿನ ಕೆಲಸವನ್ನು ಆ ಹೆದರಿಕೆಯೇ ಮಾಡಿದೆ. ಆದರೆ ಹೊರಗಿನಿಂದ ಬಂದವನಿಗೆ ಆ ಹೆದರಿಕೆ ಎಲ್ಲಿಂದ ಬರಬೇಕು? ಅವನು ಅಕ್ಕಿ ಹಾಕುತ್ತಾನೆ, ಫೋಟೋ ಹೊಡೆಯುತ್ತಾನೆ, ಅಕ್ಕಿಯ ಪ್ಲಾಸ್ಟಿಕ್ ತೊಟ್ಟೆಯನ್ನು ಕೈಬಿಡುತ್ತಾನೆ.

ಬನ್ನಿ, ಖಂಡಿತ ಬನ್ನಿ. ಮಿಂದು, ಆಶ್ಲೇಷ ಬಲಿ ಮಾಡಿಸಿ, ಊಟ ಮುಗಿಸಿ ಹೋಗಿ. ಹೋಗುವಾಗ ಒದ್ದೆ ಬಟ್ಟೆಯನ್ನು ಹಿಂಡಿ ನಿಮ್ಮ ಚೀಲಕ್ಕೇ ತುಂಬಿಕೊಳ್ಳಿ.