‘ಬಾ’ ಎಂದರೆ ಬರಬೇಕು

ನಮ್ಮ ನಾಯಿ ರಾಜನನ್ನು ಹಗ್ಗವಿಲ್ಲದೆ ಬೆಟ್ಟ ಹತ್ತಿಸಬೇಕೆಂಬ ಆಸೆ ನನಗೆ. ಪುಣೆಯ ನಮ್ಮ ಚಾರಣದ ಗೆಳೆಯರದು ಒಂದೇ ಷರತ್ತು: ಕರೆದರೆ ಬರಬೇಕು. ಅದೇನು ಮಹಾ ಎಂದುಕೊಂಡೆ! ಮೊದಲ ದಿನವೇ ಅವನು ನನ್ನಿಂದ ಸೊಸೈಟಿಯ ಅಂಗಳಕ್ಕೆ ಏಳು ಸುತ್ತು ಹಾಕಿಸಿದ. ಕೊನೆಗೆ ತಾನಾಗಿ ಬಂದವನಿಗೆ ಎರಡೇಟು ಬಿಗಿದೆ. ಮರುದಿನ ಹತ್ತಿರವೇ ಸುಳಿಯಲಿಲ್ಲ.

“ಬಂದದ್ದಕ್ಕೆ ಹೊಡೆದರೆ ಇನ್ನು ಯಾಕೆ ಬರುತ್ತಾನೆ?” ಎಂದಳು ನನ್ನಾಕೆ. ಮೊದಲ ಪಾಠವಾದದ್ದು ನನಗೇ.

ಹೊಸದಾಗಿ ಶುರುಮಾಡಿದೆವು. ಅಡುಗೆಮನೆಯಿಂದ ಪಡಸಾಲೆಗೆ ‘ಬಾ’; ಬಂದರೆ ಚೂರು ಪನೀರು. ಆಮೇಲೆ ತಾರಸಿ, ಆಮೇಲೆ ಮೂವತ್ತಡಿ ಹಗ್ಗ ಕಟ್ಟಿ ಮೈದಾನ. ಕರೆಯುವುದು ಒಂದೇ ಸಲ. ತಡವಾಗಿ ಬಂದರೂ ಗದರುವಂತಿಲ್ಲ. ಬಂದವನನ್ನು ಮತ್ತೆ ಆಡಲು ಬಿಡಬೇಕು. ಇಲ್ಲವಾದರೆ ‘ಬಾ’ ಎಂದರೆ ಆಟ ಮುಗಿಯಿತೆಂದೇ ಅವನ ಲೆಕ್ಕ. ಆರು ತಿಂಗಳು ಹಿಡಿಯಿತು.

ಲೋಹಗಡದ ದಾರಿಯಲ್ಲಿ, ಭಾಜೆ ದಾಟಿದ ಮೇಲೆ ಹಗ್ಗ ಬಿಚ್ಚಿದೆ. ತಿರುವಿನಲ್ಲಿ ಮೇಕೆಗಳ ಹಿಂಡು! ರಾಜ ಬಾಣದಂತೆ ಹಾರಿದ. ಗೆಳೆಯರೆಲ್ಲ ಮರಾಠಿಯಲ್ಲಿ ‘ಯೇ, ಯೇ’ ಎಂದು ಕೂಗಿದರು. ಅವನ ಕಿವಿಯೂ ಅಲುಗಲಿಲ್ಲ. ನನ್ನ ಗಂಟಲು ಒಣಗಿ ದನಿಯೇ ಹೊರಡದು. ತಪ್ಪು ಕನ್ನಡಕ್ಕೆ ನನ್ನಿಂದ ಗದರಿಸಿಕೊಂಡು, ಮನೆಯಲ್ಲೂ ಮರಾಠಿಗೇ ಅಂಟಿಕೊಂಡಿದ್ದ ಮಗಳು ಆಗ ಕೂಗಿದಳು: “ರಾಜಾ, ಬಾರೋ!”

ನಿಂತ. ತಿರುಗಿದ. ಬಂದ.

ಮೇಕೆಯವನಿಗೆ ಕೈಮುಗಿದು ಹಗ್ಗ ಕಟ್ಟಿದೆ. ದನಕರು ಮೇಯುವಲ್ಲಿ ಈಗಲೂ ಬಿಚ್ಚುವುದಿಲ್ಲ. ಮನೆಯಲ್ಲಿ ಮಗಳು ಈಚೆಗೆ ತಡವರಿಸುತ್ತ ಕನ್ನಡವಾಡುತ್ತಾಳೆ. ನಾನು ತಿದ್ದುವುದಿಲ್ಲ, ಬರಲಿ, ಬಂದರೆ ಸಾಕು.