ತಾಮ್ರದ ಪೈಪು, ಬೆಂಕಿಯಿಲ್ಲದ ಜಾಯಿಂಟು

ಹಾನಗಲ್ಲ. ಬಟ್ಟೆ ಅಂಗಡಿಯೊಂದಕ್ಕೆ ಎಸಿ ಕೂಡಿಸುತ್ತಿದ್ದರು. ಹುಡುಗನೊಬ್ಬ ತಾಮ್ರದ ಪೈಪನ್ನು ಸಾಧನದಲ್ಲಿ ಸಿಕ್ಕಿಸಿ, ಹಿಡಿ ತಿರುವಿ, ಅದರ ಬಾಯಿಯನ್ನು ದತ್ತೂರಿ ಹೂವಿನಂತೆ ಅರಳಿಸಿದ. ಹಿತ್ತಾಳೆ ನಟ್ಟು ಕೂಡಿಸಿ ಎರಡು ಪಾನಾ ಹಿಡಿದು ಬಿಗಿದ. ವಾಸರ್ ಇಲ್ಲ, ಟೇಪ್ ಇಲ್ಲ, ಬೆಸುಗೆಯೂ ಇಲ್ಲ. ಒಳಗಿರುವುದು ಆರ್-32 ಅನಿಲ. 35 ಡಿಗ್ರಿ ಬಿಸಿಲಲ್ಲಿ ಯಂತ್ರ ಸುಮ್ಮನೆ ನಿಂತಿದ್ದಾಗಲೂ ಅದರ ಒತ್ತಡ 20 ಬಾರ್ ದಾಟುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು 10 ಮೀಟರ್ ಎತ್ತರದಿಂದ ಇಳಿದರೂ ನಳದಲ್ಲಿ ಸಿಗುವುದು 1 ಬಾರ್. ಅಷ್ಟನ್ನು ತಡೆಯಲು ನಾವು ಟೆಫ್ಲಾನ್ ಸುತ್ತುತ್ತೇವೆ, ಸೆಣಬಿಗೆ ಸಫೇದಾ ಬಳಿಯುತ್ತೇವೆ, ಆದರೂ ತೊಟ್ಟಿಕ್ಕುತ್ತದೆ. ಬರಿ ತಾಮ್ರದ ಬಾಯಿ 20 ಬಾರನ್ನು ಹೇಗೆ ಹಿಡಿಯಿತು?

ಅಲ್ಲಿಯೇ ಕೇಳಿದೆ. “ತಾಮ್ರ ಮೆತ್ತಗ ಇರತೈತ್ರಿ, ಅದ ವಾಸರ್ ಆಗಿ ಕುಂದರತೈತಿ” ಅಂದ. ಹೌದು. 45 ಡಿಗ್ರಿ ಓರೆಯ ಗಟ್ಟಿ ಹಿತ್ತಾಳೆಯ ಮೇಲೆ ಒತ್ತಿದಾಗ ತಾಮ್ರ ತಗ್ಗಿ, ಮೈಗೆ ಮೈ ಹೊಂದಿಸಿಕೊಳ್ಳುತ್ತದೆ. ಅರಳಿಸುವಾಗ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಗ್ಯಾಸ್ ಹೋಗುತ್ತದೆ.

ವಿಚಿತ್ರವೆಂದರೆ, ನಮ್ಮ ಕಡೆ ತಾಮ್ರಕ್ಕೂ ನೀರಿಗೂ ಹಳೆಯ ನಂಟು. ಬಚ್ಚಲ ಹಂಡೆ ತಾಮ್ರ, ಬಂಬು ತಾಮ್ರ, ಮಾಳಿಗೆಯ ಸೋಲಾರ್ ಫಲಕದೊಳಗಿನ ನಳಿಗೆ ತಾಮ್ರ. ಗೋಡೆಯೊಳಗಿನ ಪೈಪು ಮಾತ್ರ ಮೊದಲು ಜಿಐ, ಈಗ ಸಿಪಿವಿಸಿ. ಬೆಲೆ ಒಂದು ಕಾರಣ. ಬೆಸುಗೆಯ ರಗಳೆ ಇನ್ನೊಂದು ಎಂದು ನನಗೆ ಅನಿಸುತ್ತದೆ. ಸಿಪಿವಿಸಿಗೆ ಸಲ್ಯೂಷನ್ ಹಚ್ಚಿ ತುರುಕಿದರೆ ಸಾಕು.

ಬೆಸುಗೆ ಅಂದರೆ ಕಲಾಯಿಯವರ ವಿದ್ಯೆಯೇ. ಅವರು ಪಾತ್ರೆ ಕಾಯಿಸಿ, ನವಸಾಗರ ಹಾಕಿ ತಿಕ್ಕಿ, ತವರ ಬಳಿಯುತ್ತಿದ್ದರು. ತವರ 232 ಡಿಗ್ರಿಗೆ ಕರಗುತ್ತದೆ. ತಾಮ್ರ ಶುಭ್ರವಾಗಿದ್ದರೆ ಸಂದಿನೊಳಗೆ ತಾನಾಗಿ ಹರಿದು ಹೋಗುತ್ತದೆ. ಆದರೆ ಪೈಪಿನಲ್ಲಿ ಒಂದು ಗುಟುಕು ನೀರು ಉಳಿದಿದ್ದರೂ ಅದು ಆವಿಯಾಗಿ ಮುಗಿಯುವವರೆಗೆ ಅಲ್ಲಿ ಶಾಖ 100 ಡಿಗ್ರಿ ದಾಟಲು ಒದ್ದಾಡುತ್ತದೆ. ಸರಿಯಾಗಿ ಮುಚ್ಚದ ವಾಲ್ವಿನ ಮುಂದೆ ಬೆಸುಗೆ ಹಿಡಿಯದಿರುವುದು ಇದಕ್ಕೇ.

ಸವಣೂರು. ಹಳೆ ಮನೆಯ ಜಂತಿಯ ಕೆಳಗೆ ನಿಂತು ನೋಡಿದೆ. ಒಣಗಿದ ಕಟ್ಟಿಗೆ, ಮಗ್ಗುಲಲ್ಲಿ ದನದ ಕಣಿಕೆ. ಇಲ್ಲಿ ಉರಿ ಹಿಡಿಯುವ ಧೈರ್ಯ ಯಾರಿಗೂ ಬೇಡ.

ಶಿಗ್ಗಾವಿ, ಬಾಡದ ಕಡೆ ಹೋಗುವ ದಾರಿ. ಮನೆಗೆ ನಳ ಕೊಡಲು ನೀಲಿ ಪೈಪು ಎಳೆಯುತ್ತಿದ್ದರು. 2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಹಳ್ಳಿಗಳಲ್ಲಿ ಇದು ಹೊಸ ನೋಟವಲ್ಲ. ಪೈಪಿಗೆ ನಟ್ಟು, ಒಂದು ಸೀಳು ಬಳೆ, ಒಂದು ರಬ್ಬರ್ ಉಂಗುರ, ತುರುಕಿ ತಿರುವಿದರು. ಬಳೆ ಪೈಪನ್ನು ಕಚ್ಚುತ್ತದೆ, ರಬ್ಬರ್ ನೀರನ್ನು ತಡೆಯುತ್ತದೆ. ಇಲ್ಲಿ ನನಗೆ ಹೊಳೆಯಿತು: ಹಿಡಿಯುವುದು ಒಂದು ಕೆಲಸ, ತಡೆಯುವುದು ಇನ್ನೊಂದು. ಬೆಸುಗೆಯಲ್ಲಿ ಎರಡನ್ನೂ ತವರ ಒಂದೇ ಮಾಡುತ್ತದೆ. ಉರಿ ಬಿಟ್ಟ ವಿಧಾನಗಳಲ್ಲಿ ಹೆಚ್ಚಿನವು ಇವೆರಡನ್ನು ಬೇರೆ ಮಾಡಿ ಹಂಚಿಕೊಟ್ಟಿವೆ.

ತಾಮ್ರಕ್ಕೆ ಹಾಕುವ ಕಂಪ್ರೆಷನ್ ಫಿಟಿಂಗ್‌ನಲ್ಲಿ ಹಿತ್ತಾಳೆಯ ಬಳೆ ಮಾತ್ರ ಎರಡನ್ನೂ ಮಾಡುತ್ತದೆ. ನೀರು ನಿಲ್ಲುವುದು ಬಳೆಯ ಹತ್ತಿರ, ನಟ್ಟಿನ ಆಟೆಯಲ್ಲಿ (ಥ್ರೆಡ್‌ನಲ್ಲಿ) ಅಲ್ಲ. ಆದ್ದರಿಂದ ಆಟೆಗೆ ಟೇಪ್ ಸುತ್ತುವುದು ದಂಡ. ಕೈಯಿಂದ ಬಿಗಿಯಾದ ಮೇಲೆ ಪಾನಾದಿಂದ ಸುಮಾರು ಒಂದು ಸುತ್ತು. ಶಕ್ತಿ ಇದೆಯೆಂದು ಇನ್ನೂ ತಿರುವಿದರೆ ಬಳೆ ಅಡ್ಡಾದಿಡ್ಡಿಯಾಗಿ ಸೋರುವುದೇ ಹೆಚ್ಚು. ಇದನ್ನು ಪ್ಲಾಸ್ಟರ್ ಒಳಗೆ ಹೂಳಬಾರದು.

ಹಿರೇಕೆರೂರು. ಸ್ನೇಹಿತರ ಅಡುಗೆಮನೆಯ ಆರ್‌ಒ. ಬಿಳಿ ಕೊಳವೆ ತುರುಕಿದರೆ ಕೂತಿತು, ಎಳೆದರೆ ಬರಲಿಲ್ಲ. ಬಾಯಿಯ ಬಳೆ ಒತ್ತಿ ಹಿಡಿದರೆ ಬಂತು. ತಾಮ್ರಕ್ಕೂ ಇಂಥದೇ ಪುಶ್-ಫಿಟ್ ಇದೆ, ಒಳಗೆ ಸ್ಟೀಲಿನ ಹಲ್ಲುಗಳು. ತುದಿಯ ಮುಳ್ಳುಗಳನ್ನು ಕಾನಸಿನಿಂದ ಸವರದೆ ತುರುಕಿದರೆ ರಬ್ಬರ್ ಗೀರಿಹೋಗುತ್ತದೆ. ಸೋರಿಕೆ ಅಂದೇ ಕಾಣದೆ, ತಿಂಗಳು ಬಿಟ್ಟು ಗೋಡೆಯ ಮೇಲೆ ಕಾಣಬಹುದು. ಉರಿ ಹೋಯಿತೆಂದು ಕೈಗೆಲಸದ ಬೆಲೆ ಕಡಿಮೆಯಾಗಿಲ್ಲ. ಅದು ಪೈಪಿನ ತುದಿಗೆ ಬಂದು ಕೂತಿದೆ. ನೇರ ಕತ್ತರಿಸು, ಸವರು, ಎಷ್ಟು ಒಳಗೆ ಹೋಗಬೇಕೆಂದು ಗುರುತು ಹಾಕು. ಪ್ಲಂಬಿಂಗ್ ಕಲಿಯುವ ಹುಡುಗರಿಗೆ ಮೊದಲ ವಾರವೆಲ್ಲ ಇದನ್ನೇ ಕಲಿಸಬೇಕು.

ಕಂಪ್ರೆಷನ್, ಪುಶ್-ಫಿಟ್ ಆದಮೇಲೆ ಮೂರನೆಯದು ಪ್ರೆಸ್. ಜರ್ಮನಿಯ ವೀಗಾ ಕಂಪನಿ 1995ರಲ್ಲಿ ತಾಮ್ರಕ್ಕೆ ಇದನ್ನು ತಂದಿತು. ರಬ್ಬರ್ ಕೂತ ತಾಮ್ರದ ಫಿಟಿಂಗನ್ನು ಯಂತ್ರದ ದವಡೆ ಕೆಲವೇ ಸೆಕೆಂಡಿನಲ್ಲಿ ಅಮುಕುತ್ತದೆ. ಪೈಪು ಒದ್ದೆಯಿದ್ದರೂ ನಡೆಯುತ್ತದೆ. ಅಮುಕಲು ಮರೆತ ಜಾಯಿಂಟು ನೀರು ಬಿಟ್ಟ ಕೂಡಲೇ ಸೋರುವಂತೆ ಬೇಕೆಂದೇ ಮಾಡಿದ ಫಿಟಿಂಗುಗಳೂ ಇವೆ. ಇದು ನನಗೆ ಬಹಳ ಹಿಡಿಸಿತು: ತಪ್ಪು ಗೋಡೆ ಮುಚ್ಚುವ ಮೊದಲೇ ಕಾಣಬೇಕು. ಯಂತ್ರ ದುಬಾರಿ. ಟ್ರ್ಯಾಕ್ಟರ್, ಕೂರಿಗೆ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ನಡೆಯುವ ಜಿಲ್ಲೆಯಲ್ಲಿ, ನಾಲ್ಕು ತಾಲ್ಲೂಕಿನ ಪ್ಲಂಬರುಗಳು ಸೇರಿ ಇಂಥ ಒಂದು ಯಂತ್ರ ಇಟ್ಟುಕೊಳ್ಳಲಾರರೇ?

ಪ್ರೆಸ್ ಫಿಟಿಂಗಿನೊಳಗಿನ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ. ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಉಬ್ಬಿ ಕೆಡುತ್ತದೆ. ಜಾರಬೇಕಾದರೆ ಸೋಪಿನ ನೀರು ಸಾಕು. ಸುಮಾರು 110 ಡಿಗ್ರಿಯವರೆಗೆ ತಾಳುತ್ತದೆ. ಸ್ನಾನದ ನೀರಿಗೆ ಧಾರಾಳವಾಯಿತು. ಆದರೆ ಬೇಸಿಗೆ ಮಧ್ಯಾಹ್ನ ನೀರು ನಿಂತ ಸೋಲಾರ್ ಫಲಕದ ಬಾಯಲ್ಲಿ ಶಾಖ ಅದನ್ನು ಮೀರಬಲ್ಲದು. ಅಲ್ಲಿಗೆ ಎಫ್‌ಕೆಎಂ ಎಂಬ ಬೇರೆ ರಬ್ಬರಿನ ಫಿಟಿಂಗೇ ಬೇಕು. ಹಳೆ ಜಿಐ ಲೈನಿನ ಮೊದಲಿಗೆ ತಾಮ್ರ ಕೂಡಿಸಲೂಬಾರದು. ನೀರಿನಲ್ಲಿ ಕರಗಿ ಬಂದ ತಾಮ್ರ ಮುಂದಿನ ಜಿಐ ಪೈಪಿನ ಸತುವನ್ನು ತಿಂದು ತೂತು ಮಾಡುತ್ತದೆ.