ಮಳೆಯನ್ನು ಅಳೆಯುತ್ತಾರೆ, ಗಾಳಿಯನ್ನು?

ಸಂತೆಮರಹಳ್ಳಿ ವೃತ್ತದಲ್ಲಿ ನಿಂತಿದ್ದೀರಿ. ಮೇ ತಿಂಗಳ ಮಧ್ಯಾಹ್ನ, ಭರಣಿ ಮಳೆಯ ದಿನಗಳು. ಒಂದು ರಸ್ತೆ ಚಾಮರಾಜನಗರಕ್ಕೆ, ಒಂದು ಯಳಂದೂರು ದಾಟಿ ಕೊಳ್ಳೇಗಾಲಕ್ಕೆ, ಇನ್ನೊಂದು ಮೂಗೂರಿನ ಮೇಲೆ ಟಿ. ನರಸೀಪುರಕ್ಕೆ. ಬಿಳಿಗಿರಿರಂಗನ ಬೆಟ್ಟದ ಕಡೆ ಮೋಡ ಕಪ್ಪಿಟ್ಟಿದೆ. ಎಲೆ ಅಲುಗದ ಸೆಕೆ. ಇದ್ದಕ್ಕಿದ್ದಂತೆ ಧೂಳೆದ್ದು ಅಂಗಡಿ ಮುಂದಿನ ತಗಡು ಬಡಿದುಕೊಳ್ಳುತ್ತದೆ, ಕರೆಂಟು ಹೋಗುತ್ತದೆ, ನಾಲ್ಕು ದಪ್ಪ ಹನಿ ಬೀಳುತ್ತವೆ. ಅರ್ಧ ಗಂಟೆ, ಅಷ್ಟೆ. ಮತ್ತೆ ಬಿಸಿಲು.

ಮಾರನೆಯ ಬೆಳಗ್ಗೆ ಗ್ರಾಮ ಆಡಳಿತ ಅಧಿಕಾರಿಯ ಬೈಕಿನ ಹಿಂದೆ ಕೂತು ಬನ್ನಿ. ಊರಾಚೆಯ ಬಾಳೆ ತೋಟ ಮಲಗಿಬಿಟ್ಟಿದೆ. ಊರುಗೋಲು ಕೊಟ್ಟಿದ್ದ ಗಿಡಗಳೂ ಗೊನೆಯ ಭಾರಕ್ಕೆ ನಡುವೆ ಮುರಿದಿವೆ. ತೋಟದವರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. "ಇನ್ನು ಇಪ್ಪತ್ ದಿನ ಇದ್ದಿದ್ರೆ ಕಡೀತಿದ್ದೋ ಸಾ" ಅನ್ನುತ್ತಾರೆ. ಅಧಿಕಾರಿ ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಾರೆ, ಸರ್ವೆ ನಂಬರು ಕೇಳುತ್ತಾರೆ. ತೋಟಗಾರಿಕೆ ಇಲಾಖೆಯವರು ಸಾಲು ಹಿಡಿದು ಎಣಿಸುತ್ತಾರೆ. ಮುರಿದದ್ದು ಲೆಕ್ಕಕ್ಕೆ ಬರುತ್ತದೆ, ಬಾಗಿ ನಿಂತದ್ದು? ಅಲ್ಲಿ ಸಣ್ಣ ಚರ್ಚೆ. ಹಾನಿ ಶೇ 33 ಮುಟ್ಟಿದರೆ ಮಾತ್ರ ಪರಿಹಾರ, ಹಾಗಾಗಿ ಒಂದೊಂದು ಗಿಡವೂ ಮುಖ್ಯ.

ಲೆಕ್ಕವನ್ನು ನಾವೂ ಮಾಡೋಣ. 2022ರಿಂದ 2026ರವರೆಗಿನ ಕೇಂದ್ರದ ನಿಯಮದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಇಳಿಸಿದರೆ ಏಳು ಸಾವಿರಕ್ಕೂ ಕಡಿಮೆ. ಆರಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1,200 ಗಿಡ. ಗಿಡವೊಂದಕ್ಕೆ ಆರು ರೂಪಾಯಿಯೂ ಬೀಳುವುದಿಲ್ಲ! ರಾಜ್ಯ ಸರ್ಕಾರ ತನ್ನ ಕಡೆಯಿಂದ ಮೇಲಷ್ಟು ಸೇರಿಸಿದ ವರ್ಷಗಳೂ ಉಂಟು. ಆದರೂ ಊರುಗೋಲಿನ ಖರ್ಚಾದರೂ ಹುಟ್ಟೀತೇ?

ಈಗ ಪಂಚಾಯಿತಿ ಕಡೆ ನಡೆಯಿರಿ. ಬೇಲಿಯೊಳಗೆ ಸೌರಫಲಕ ಹೊತ್ತ ಒಂದು ಕಂಬ ಕಾಣುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಅದು. ಈ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಹುಟ್ಟಿದ್ದು. ಇಂದು ರಾಜ್ಯದಲ್ಲಿ ಅದರ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ, ಕಾಲು ಗಂಟೆಗೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಆದರೆ ಪಂಚಾಯಿತಿಯ ಮಾಪಕಕ್ಕೆ ಗೊತ್ತಿರುವುದು ಮಳೆ ಒಂದೇ. ಗಾಳಿಯ ವೇಗ ದಾಖಲಾಗುವುದು ಹೋಬಳಿಗೊಂದರಂತಿರುವ ಹವಾಮಾನ ಕೇಂದ್ರದಲ್ಲಿ. ನಿನ್ನೆಯ ಗಾಳಿ ಒಂದೇ ಊರಿನ ಒಂದು ಪಟ್ಟಿಯಲ್ಲಿ ಬೀಸಿ ಹೋಯಿತು. ಬಿದ್ದ ಬಾಳೆ ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿ ಇಲ್ಲ.

ಬರಕ್ಕೆ ಹೋಲಿಸಿ ನೋಡಿ. ಅದು ನಿಧಾನ, ಕಾಗದಕ್ಕೆ ಸಮಯ ಕೊಡುತ್ತದೆ. ಮಳೆ ಕೊರತೆ, ಸತತ ಮೂರು ವಾರದ ಒಣಹವೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು ಎಲ್ಲ ನೋಡಿ, ಆಮೇಲೆ ಶೇ 10ರಷ್ಟು ಊರುಗಳಲ್ಲಿ ಹೊಲಕ್ಕಿಳಿದು ಪರೀಕ್ಷೆ. 2023ರಲ್ಲಿ ಹೀಗೆ ಅಳೆದೇ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಮೇವು ಬ್ಯಾಂಕ್, ಟ್ಯಾಂಕರ್, ಬಾಡಿಗೆ ಕೊಳವೆಬಾವಿ, ಈ ಪಾಠ ಆಡಳಿತಕ್ಕೆ ಬಾಯಿಪಾಠ. ಅದಕ್ಕೂ ಒಂದೇ ವರ್ಷ ಹಿಂದೆ, 2022ರ ಆಗಸ್ಟ್ ಕೊನೆಯಲ್ಲಿ, ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು ತುಂಬಿ ಯಳಂದೂರು ಸೀಮೆಯ ಊರು, ಗದ್ದೆಗಳಿಗೆ ನೀರು ನುಗ್ಗಿತ್ತು. ಚಾಮರಾಜನಗರಕ್ಕೆ ಅಂಟಿದ ಬರದ ಜಿಲ್ಲೆಯೆಂಬ ಹಣೆಪಟ್ಟಿ ನೆರೆಯ ಸಿದ್ಧತೆಯನ್ನು ಹಿಂದಿನ ಬೆಂಚಿಗೆ ತಳ್ಳಿದೆ ಎಂದೇ ನನ್ನ ತಕರಾರು. ಮುಂಗಾರು ಪೂರ್ವ ಸಭೆಯಲ್ಲಿ ಕುಡಿಯುವ ನೀರಿನಷ್ಟೇ ಹೊತ್ತು ಕೆರೆ ಏರಿ, ಕೋಡಿ, ರಾಜಕಾಲುವೆಯ ಹೂಳಿಗೂ ಸಿಗಬೇಕು. ಭರಣಿಯ ಗಾಳಿಗಂತೂ ಆ ಸಭೆಯೇ ತಡ, ಏಪ್ರಿಲ್ ಒಳಗೆ ಕೂರಬೇಕು.

ತೋಟ ಇರುವವರಿಗೆ ಒಂದು ಮಾತು. ಗಾಳಿ ಕೆಡವಿದ ಬಾಳೆಯನ್ನು ಸಮೀಕ್ಷೆಗೆ ಮೊದಲು ಕಡಿದು ಹಾಕಬೇಡಿ, ಫೋಟೊ ತೆಗೆದಿಡಿ. ಪಹಣಿಯಲ್ಲಿ ಬೆಳೆ ಬಾಳೆ ಎಂದೇ ನಮೂದಾಗಿದೆಯೇ, ಜಮೀನು ನಿಮ್ಮ ರೈತ ನೋಂದಣಿಯ ಫ್ರೂಟ್ಸ್ ಐಡಿಗೆ ಜೋಡಣೆಯಾಗಿದೆಯೇ ಎಂದು ಮಳೆಗಾಲ ಹುಟ್ಟುವ ಮೊದಲೇ ನೋಡಿಕೊಳ್ಳಿ. ಮಳೆಯ ಮುನ್ಸೂಚನೆ ಬೇಕಿದ್ದರೆ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಫೋನು ಮಾಡಿ.